ಫಸ್ಟ್ ಬೇಸ್‌ಗೆ ಮುಂಚಿನ ಎರಡು ಹೆಜ್ಜೆ

“ಏನ್ರೀ, ಕಣ್ಣು ಕಾಣಲ್ವಾ ನಿಮಗೆ?”

ಹಾಗೆ ಕೂಗಿದವನು ಬೇರೆ ಯಾರಾದರೂ ಆಗಿದ್ದರೆ ಅವಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡುತ್ತಿದ್ದಳು. ಸಾಫ್ಟ್‌ಬಾಲ್ ಅಂಪೈರ್ ಆದವಳಿಗೆ ವಾರಕ್ಕೊಂದು ಸಲವಾದರೂ ಈ ಪ್ರಶ್ನೆ ಬಾರದಿದ್ದರೆ ಆಟ ಸಪ್ಪೆ ಎಂದೇ ಲೆಕ್ಕ. ಆದರೆ ಇವತ್ತು ಕೂಗಿದವನು ಕನ್ನಡಕದವನು. ಅವಳ ಮೂಗಿನ ಮೇಲೆ ಕೂತಿದ್ದ ಕನ್ನಡಕವನ್ನು ಅಳತೆ ತೆಗೆದು ಮಾಡಿಕೊಟ್ಟವನೇ ಅವನು. ಅವಳ ಬಲಗಣ್ಣಿಗೆ ಎಷ್ಟು ಪವರ್, ಎಡಗಣ್ಣಿಗೆ ಎಷ್ಟು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲವನು.

ಸಾಲದ್ದಕ್ಕೆ, ಹತ್ತು ದಿನದ ಹಿಂದೆ ಅವಳನ್ನು “ಮದುವೆ ಮಾಡ್ಕೊಳ್ಳೋಣ್ವಾ?” ಎಂದು ಕೇಳಿದವನು.

ಮೈದಾನದ ಮೆಟ್ಟಿಲುಗಳ ಮೇಲೆ ಕೂತಿದ್ದ ಜನರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತು. “ಕೋಚ್, ನಿಮ್ಮ ಜಾಗಕ್ಕೆ ಹೋಗಿ” ಎಂದಳು. ದನಿ ನಡುಗಲಿಲ್ಲ. ಅದೊಂದೇ ಸಮಾಧಾನ.

ಆಗಿದ್ದಿಷ್ಟು. ಊರಿನ ದುಡಿಯುವ ಹೆಂಗಸರ ಲೀಗಿನ ಫೈನಲ್ ಅದು. ಒಂದು ಕಡೆ ಬಸ್ ಡಿಪೋದವರು, ಇನ್ನೊಂದು ಕಡೆ ಪೇಟೆಬೀದಿಯ ಅಂಗಡಿಗಳಲ್ಲಿ ಕೆಲಸ ಮಾಡುವವರು. ಅಂಗಡಿಯವರ ತಂಡಕ್ಕೆ ಕನ್ನಡಕದವನೇ ಕೋಚ್. ಕೊನೆಯ ಇನ್ನಿಂಗ್ಸ್, ಸ್ಕೋರ್ ಸಮ, ಅಂಗಡಿಯವರ ಬ್ಯಾಟಿಂಗ್. ಒಬ್ಬಳು ಔಟಾಗಿದ್ದಾಳೆ, ಒಬ್ಬಳು ಥರ್ಡ್ ಬೇಸಿನಲ್ಲಿ ತುದಿಗಾಲ ಮೇಲೆ ನಿಂತಿದ್ದಾಳೆ. ಅವಳೊಬ್ಬಳು ಓಡಿಬಂದು ಹೋಮ್ ಪ್ಲೇಟ್ ತುಳಿದರೆ ಕಪ್ ಅಂಗಡಿಯವರದು.

ಬ್ಯಾಟ್ ಹಿಡಿದವಳು ಔಷಧಿ ಅಂಗಡಿಯ ಹುಡುಗಿ. ಕೈಕಾಲು ಒಂದು ಕಡೆ ನಿಲ್ಲದ್ದಕ್ಕೆ ಎಲ್ಲರ ಬಾಯಲ್ಲೂ ಅವಳು ಚೂಟಿ. ಚೂಟಿ ಹೊಡೆದ ಚೆಂಡು, ಅವಳು ಓಡಿ ಮುಟ್ಟಬೇಕಾದ ಫಸ್ಟ್ ಬೇಸಿನ ದಾರಿಯಲ್ಲೇ ಉರುಳಿಕೊಂಡು ಹೋಯಿತು. ಡಿಪೋ ತಂಡದ ಕಂಡಕ್ಟರಮ್ಮ ಅದನ್ನೆತ್ತಿಕೊಂಡು ದಾರಿಗೆ ಅಡ್ಡ ನಿಂತಳು. ಚೆಂಡು ಹಿಡಿದ ಕೈಯಿಂದ ಚೂಟಿಯನ್ನು ಮುಟ್ಟಿದರೆ ಸಾಕು, ಅದೇ ಟ್ಯಾಗ್, ಚೂಟಿ ಔಟ್. ಚೂಟಿ ಗಕ್ಕನೆ ನಿಂತಳು. ಆಮೇಲೆ ಒಂದು ಹೆಜ್ಜೆ ಹಿಂದಿಟ್ಟಳು. ಇನ್ನೊಂದು ಹೆಜ್ಜೆ. ಕಂಡಕ್ಟರಮ್ಮ ಅವಳ ಬೆನ್ನುಹತ್ತಿ ಬರುವಷ್ಟರಲ್ಲಿ ಥರ್ಡ್ ಬೇಸಿನವಳು ಓಡಿಬಂದು ಹೋಮ್ ಪ್ಲೇಟ್ ತುಳಿದೇಬಿಟ್ಟಳು.

ಅಂಗಡಿಯವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಆಗ ಆಟ ನಿಲ್ಲಿಸಲು ಅಂಪೈರ್ ಆದ ಅವಳ ಎರಡೂ ಕೈ ಮೇಲೆದ್ದವು.

“ಡೆಡ್ ಬಾಲ್! ಬ್ಯಾಟರ್ ಔಟ್! ರನ್ನರ್ ವಾಪಸ್ ಥರ್ಡ್ ಬೇಸ್‌ಗೆ!”

ಕುಣಿಯುತ್ತಿದ್ದವರು ಎತ್ತಿದ ಕಾಲು ಎತ್ತಿದಲ್ಲೇ ನಿಂತರು. ಕನ್ನಡಕದವನು ಓಡಿಬಂದು ಅವಳ ಎದುರು ನಿಂತ. ಅಂಗಡಿಯಲ್ಲಿ ಲೆನ್ಸ್ ಒರೆಸುವಾಗ ಅಷ್ಟು ಮೆತ್ತಗಿರುವ ಕೈಗಳು ಈಗ ಗಾಳಿಯಲ್ಲಿ ಕತ್ತಿ ಬೀಸುತ್ತಿದ್ದವು.

“ಟ್ಯಾಗ್ ತಪ್ಪಿಸ್ಕೊಳ್ಳೋಕೆ ರನ್ನರ್ ಹಿಂದಕ್ಕೆ ಓಡಬಹುದು. ಚಿಕ್ಕ ಮಕ್ಕಳಿಗೂ ಗೊತ್ತು ಅದು!”

“ಬೇಸ್‌ಗಳ ಮಧ್ಯೆ ಓಡಬಹುದು. ಬ್ಯಾಟ್ ಮಾಡ್ದವಳು ಫಸ್ಟ್ ಬೇಸ್ ಮುಟ್ಟೋ ತನಕ ಓಡೋ ಹಾಗಿಲ್ಲ. ಮುಂದೆ ಹೋಗಬಹುದು, ನಿಲ್ಲಬಹುದು. ಟ್ಯಾಗ್ ತಪ್ಪಿಸೋಕೆ ಹಿಂದೆ ಹೆಜ್ಜೆ ಇಟ್ರೆ ಔಟ್.”

“ಯಾವ ಪುಸ್ತಕದಲ್ಲಿದೆ ಹಾಗಂತ?”

“ನಿಮ್ಮ ಪ್ಯಾಂಟ್ ಜೇಬಲ್ಲಿ ಇದೆಯಲ್ಲ, ಅದರಲ್ಲೇ. ತೆಗೆದು ಓದಿ.”

ಅವನು ತೆಗೆಯಲಿಲ್ಲ. ಆಗಲೇ ಆ ಮಾತು ಬಂದದ್ದು, ಕಣ್ಣು ಕಾಣಲ್ವಾ ಎಂಬ ಮಾತು. ಅಂದ ಮೇಲೆ ಅವನಿಗೇ ಚುರುಕ್ಕೆಂದಿರಬೇಕು. ಆದರೆ ಬೆನ್ನ ಹಿಂದೆ ಹದಿನಾಲ್ಕು ಜನ ಹುಡುಗಿಯರು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರಲ್ಲ, ಗಂಡಸು ಹಟಕ್ಕೆ ಬಿದ್ದ. “ನಾನು ಪ್ರೊಟೆಸ್ಟ್ ಮಾಡ್ತೀನಿ. ಬರ್ಕೊಳ್ಳಿ” ಎಂದ.

ಅವಳು ಬರೆದುಕೊಂಡಳು. ಆಟ ಮುಂದುವರಿಯಿತು. ಮುಂದಿನವಳು ಔಟಾದಳು, ಹೆಚ್ಚುವರಿ ಇನ್ನಿಂಗ್ಸಿನಲ್ಲಿ ಡಿಪೋದವರು ಗೆದ್ದರು. ಆದರೆ ಪ್ರೊಟೆಸ್ಟ್ ತೀರ್ಮಾನವಾಗುವ ತನಕ ಕಪ್ ಯಾರಿಗೂ ಇಲ್ಲ. ಮರುದಿನ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಮಿಟಿ.

ನಿಯಮದ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳನ್ನು ತಿನ್ನುತ್ತಿದ್ದದ್ದು ಬೇರೆಯೇ.

*

ಎಂಟು ತಿಂಗಳ ಹಿಂದೆ ಅವಳು ಮೊದಲ ಸಲ ಆ ಅಂಗಡಿಗೆ ಹೋದದ್ದು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನವಿಡೀ ಮೈಕ್ರೋಸ್ಕೋಪಿನೊಳಗೆ ಇಣುಕಿ ಕಣಗಳನ್ನು ಎಣಿಸುವವಳು. ಅವನು ಅಳತೆಯ ಲೆನ್ಸ್ ಹಾಕಿ “ಕೆಳಗಿನ ಸಾಲು ಓದಿ” ಎಂದಾಗ ಅವಳು ಕೆಳಗಿನ ಸಾಲು ಮುಗಿಸಿ, ಅದರ ಕೆಳಗೆ ಚಾರ್ಟಿನ ಅಂಚಿನಲ್ಲಿದ್ದ ಪ್ರೆಸ್ಸಿನ ಹೆಸರನ್ನೂ ಓದಿಬಿಟ್ಟಿದ್ದಳು.

“ಅದನ್ನ ಈ ಹನ್ನೆರಡು ವರ್ಷದಲ್ಲಿ ನಾನೇ ಓದಿಲ್ಲ ಮೇಡಂ” ಎಂದು ಅವನು ಗೋಡೆಯ ಹತ್ತಿರ ಹೋಗಿ, ಬಗ್ಗಿ, ಓದಿ, ಅವಳತ್ತ ತಿರುಗಿ ನಕ್ಕಿದ್ದ. ನಗುವಾಗ ಅವನ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು. ಆ ಹುಬ್ಬೇ ಅವಳನ್ನು ಕೆಡಿಸಿದ್ದು.

ಆಮೇಲೆ ಅವಳ ಕನ್ನಡಕದ ಸ್ಕ್ರೂ ವಾರಕ್ಕೊಮ್ಮೆ ಸಡಿಲವಾಗತೊಡಗಿತು.

“ಸ್ಕ್ರೂ ಗಟ್ಟಿಯಾಗೇ ಇದೆಯಲ್ಲ ಮೇಡಂ.”

“ಸರಿಯಾಗಿ ನೋಡಿ ಡಾಕ್ಟ್ರೇ.”

“ನೋಡ್ತಾನೇ ಇದೀನಿ” ಎನ್ನುತ್ತ ಅವನು ಸ್ಕ್ರೂ ಬಿಟ್ಟು ಅವಳನ್ನೇ ನೋಡುತ್ತಿದ್ದ. ಅವಳು ಗೋಡೆಯ ಮೇಲಿನ ಫ್ರೇಮುಗಳನ್ನು ಬಹಳ ಮುತುವರ್ಜಿಯಿಂದ ಎಣಿಸುತ್ತಿದ್ದಳು. ನೂರ ಹದಿನಾರು ಇದ್ದವು.

ಹತ್ತು ದಿನದ ಹಿಂದೆ ಹೀಗೇ ಬಗ್ಗಿ ಸ್ಕ್ರೂ ತಿರುಗಿಸುತ್ತಿದ್ದವನು, ತಲೆಯೆತ್ತದೆ, “ಪ್ರತಿ ವಾರ ಇಷ್ಟು ದೂರ ಬರೋ ಬದಲು ಮದುವೆ ಮಾಡ್ಕೊಳ್ಳೋಣ್ವಾ?” ಎಂದು ಕೇಳಿಬಿಟ್ಟ. ಹೂಂ ಎನ್ನಲು ಬಾಯಿ ತೆರೆದವಳು, “ಟೂರ್ನಮೆಂಟ್ ಮುಗೀಲಿ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಬಂದಳು.

ಯಾಕೆ ಎಂದರೆ, ಬಾವ.

ಅವಳಿರುವುದು ಅಕ್ಕನ ಮನೆಯಲ್ಲಿ. ಬಾವ ಕೆಟ್ಟವನಲ್ಲ. ಆದರೆ ಬಾವನಿಗೆ ತನ್ನ ತಪ್ಪು ಎಂಬುದೊಂದು ಲೋಕದಲ್ಲಿ ಇರಬಹುದೆಂದೇ ತಿಳಿಯದು. ಒಮ್ಮೆ ಕಾರಿನಲ್ಲಿ ಒಂದು ಮದುವೆಗೆ ಹೊರಟಾಗ ಅಕ್ಕ “ಎಡಕ್ಕೆ ತಿರುಗಬೇಕಿತ್ತು” ಎಂದಳು. ಬಾವ ಒಪ್ಪಲಿಲ್ಲ. ಮೂರು ಗಂಟೆ ನೆಟ್ಟಗೆ ಓಡಿಸಿ, ಪೆಟ್ರೋಲ್ ಮುಗಿದು, ಊಟ ಮುಗಿದ ಮೇಲೆ ಮದುವೆಮನೆ ಸೇರಿ, “ಈ ರಸ್ತೆ ಚೆನ್ನಾಗಿತ್ತು ನೋಡು” ಎಂದಿದ್ದ. ಅಕ್ಕ ಆಮೇಲೆ ಯಾವ ದಾರಿಯನ್ನೂ ಹೇಳಿಲ್ಲ. ಕಿಟಕಿಯಾಚೆ ನೋಡುತ್ತ ಕೂರುತ್ತಾಳೆ. ಅಕ್ಕ ಹಾಗೆ ಕೂರುವುದನ್ನು ಕಂಡರೆ ತಂಗಿಗೆ ಭಯ.

ಕನ್ನಡಕದವನು ಹಾಗಲ್ಲ ಎಂದು ನಂಬಿದ್ದಳು. ಇವತ್ತು ಜೇಬಿನಲ್ಲಿದ್ದ ಪುಸ್ತಕವನ್ನು ಅವನು ತೆಗೆಯಲಿಲ್ಲ.

*

ಅಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅಂಪೈರ್ ವರದಿಯ ಫಾರಂ ಇಟ್ಟುಕೊಂಡು ಅವಳು ಪೆನ್ನಿನ ತುದಿ ಕಚ್ಚುತ್ತಿದ್ದಳು. ಅಕ್ಕ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಅರ್ಧ ಗಂಟೆಯಿಂದ ಒಂದೇ ಸಾಲು ನೋಡ್ತಿದ್ದೀಯ. ಏನೇ ಅದು?”

ಅವಳು ಓದಿದಳು. “ನಿಯಮಭಂಗವಾದ ತಕ್ಷಣ ಡೆಡ್ ಬಾಲ್ ಘೋಷಿಸಲಾಯಿತೇ? ಹೌದು, ಇಲ್ಲ.”

“ಹೌದು ಅಂತ ಗೀಟು ಹಾಕು. ಮುಗೀತಲ್ಲ.”

“ತಕ್ಷಣ ಮಾಡ್ಲಿಲ್ಲ ಅಕ್ಕ.”

ಅಕ್ಕನ ಕೈ ನಿಂತಿತು.

ಚೂಟಿಯ ಮೊದಲ ಹೆಜ್ಜೆ ಹಿಂದೆ ಬಿದ್ದಾಗಲೇ ಅವಳಿಗೆ ಕಂಡಿತ್ತು. ಸುಣ್ಣದ ಗೆರೆಯ ಪಕ್ಕ ಹಿಮ್ಮಡಿ ಊರಿದ್ದು, ಮಣ್ಣು ಸ್ವಲ್ಪ ಎದ್ದದ್ದು, ಎಲ್ಲವೂ. ಕೈ ಆಗಲೇ ಏಳಬೇಕಿತ್ತು. ಆದರೆ ಅದೇ ಗಳಿಗೆಯಲ್ಲಿ ಅವಳ ಕಣ್ಣು ಮಾತು ಕೇಳದೆ ಆಚೆ ಹೋಯಿತು. ಗೆರೆಯ ಹೊರಗೆ ಅವನು ಎರಡೂ ಮುಷ್ಟಿ ಎದೆಗೆ ಒತ್ತಿಕೊಂಡು ನಿಂತಿದ್ದ, ಎಡಹುಬ್ಬು ಮೇಲೇರಿತ್ತು. ಇನ್ನೇನು ಗೆದ್ದೇಬಿಟ್ಟೆ ಎಂಬ ಆ ಮುಖವನ್ನು ಅವಳು ಒಂದು ಉಸಿರಿನಷ್ಟು ಹೊತ್ತು ನೋಡಿದಳು. ಆ ಮುಖವನ್ನು ತಾನೇ ಕೆಡಿಸಬೇಕಲ್ಲ ಎಂದುಕೊಂಡಳು. ಅಷ್ಟರಲ್ಲಿ ಎರಡನೆಯ ಹೆಜ್ಜೆಯೂ ಬಿತ್ತು, ಥರ್ಡ್ ಬೇಸಿನವಳು ಹೋಮ್ ಮುಟ್ಟಿದಳು, ಅವರು ಕುಣಿದರು. ಆಮೇಲೆ ಕೈ ಎದ್ದದ್ದು.

“ಯಾರಿಗಾದ್ರೂ ಗೊತ್ತಾ?” ಅಕ್ಕ ಪಿಸುದನಿಯಲ್ಲಿ ಕೇಳಿದಳು.

“ಇಲ್ಲ. ಕೈ ಯಾವಾಗ ಎದ್ದಿತು ಅಂತ ಆ ಗಲಾಟೇಲಿ ಯಾರೂ ನೋಡ್ಲಿಲ್ಲ. ತೀರ್ಪು ಸರಿಯಾಗೇ ಇದೆ. ತಡ ಆದ್ರೂ ಔಟ್ ಔಟೇ. ಆದ್ರೆ ಮೇಲಿನ ಅಂಪೈರ್ ಪ್ಯಾನೆಲ್‌ಗೆ ನನ್ನ ಹೆಸರು ಕಳಿಸ್ತೀನಿ ಅಂದಿದಾರೆ ಲೀಗಿನ ಅಧ್ಯಕ್ಷರು. ಈ ಒಂದು ಮ್ಯಾಚ್ ಸರಿಹೋದ್ರೆ ಸಾಕು ಅಂತ. ನಾಲ್ಕು ವರ್ಷದಿಂದ ಕಾಯ್ತಿದೀನಿ.”

“ಹಾಗಾದ್ರೆ ಬಾಯಿ ಮುಚ್ಕೊಂಡು ಗೀಟು ಹಾಕೇ, ತಾಯಿ.”

ಅವಳು ಗೀಟು ಹಾಕಲಿಲ್ಲ. ಲ್ಯಾಬಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುವುದೇ ಅವಳ ಅನ್ನ. ಆ ಸಾಲನ್ನು ಖಾಲಿ ಬಿಟ್ಟು ಫಾರಂ ಮಡಚಿದಳು. ಫೋನ್ ಎರಡು ಸಲ ಹೊಡೆದುಕೊಂಡಿತು. ಅವನದೇ. ಎತ್ತಲಿಲ್ಲ. ಎತ್ತಿದರೆ ಅಳು ಬರುತ್ತದೆ ಎಂದು ಗೊತ್ತಿತ್ತು.

*

ಕಮಿಟಿಯ ಕೋಣೆ ವ್ಯಾಯಾಮಶಾಲೆಯ ಮೇಲಿತ್ತು. ಕಿಟಕಿಯಾಚೆ ಅದೇ ಮೈದಾನ. ಮೇಜಿನ ಆ ತುದಿಗೆ ಅಧ್ಯಕ್ಷರು, ನಿವೃತ್ತ ಗಣಿತದ ಮೇಷ್ಟ್ರು, ಕೈಯಲ್ಲಿ ಕೆಂಪು ಪೆನ್ನು. ಪಕ್ಕದಲ್ಲಿ ನಡಾವಳಿ ಬರೆಯುವ ಕಾರ್ಯದರ್ಶಿ ಹೆಂಗಸು. ಒಂದು ಬದಿಗೆ ಕನ್ನಡಕದವನು, ಚೂಟಿ, ಮತ್ತೆ ಅವರ ತಂಡದ ಮ್ಯಾನೇಜರ್, ಫರ್ನಿಚರ್ ಅಂಗಡಿಯ ಯಜಮಾನ. ಕನ್ನಡಕದವನ ಕಣ್ಣು ಕೆಂಪಾಗಿತ್ತು, ಗಡ್ಡ ಕೆರೆದಿರಲಿಲ್ಲ. ಅವಳು ಒಳಗೆ ಬಂದಾಗ ಅವನು ಎದ್ದು ನಿಂತ. ಅವಳು ಅತ್ತ ನೋಡಲಿಲ್ಲ.

“ಮೊದಲು ಅಂಪೈರ್ ಹೇಳಲಿ” ಎಂದರು ಅಧ್ಯಕ್ಷರು. “ಅಮ್ಮಾ, ಇಲ್ಲೊಂದು ಸಾಲು ಖಾಲಿ ಬಿಟ್ಟಿದ್ದೀಯಲ್ಲ. ತಕ್ಷಣ ಘೋಷಿಸಿದೆಯಾ? ಹೌದು ತಾನೇ?” ಎನ್ನುತ್ತ ಅವರು ಪೆನ್ನನ್ನು ಆಗಲೇ ಹೌದು ಎಂಬುದರ ಮೇಲಿಟ್ಟಿದ್ದರು.

“ಇಲ್ಲ ಸರ್. ತಡವಾಯ್ತು. ಮೊದಲ ಹೆಜ್ಜೆಗೇ ಕೈ ಎತ್ತಬೇಕಿತ್ತು. ಎರಡನೇ ಹೆಜ್ಜೆ ಆಗಿ, ರನ್ ಆದ ಮೇಲೆ ಎತ್ತಿದೆ.”

ಕೆಂಪು ಪೆನ್ನು ನಿಂತಿತು. “ಯಾಕೆ? ಕಾಣಿಸಲಿಲ್ವಾ?”

“ಕಾಣಿಸ್ತು ಸರ್. ಚೆನ್ನಾಗಿ ಕಾಣಿಸ್ತು. ಆದ್ರೆ ನಾನು…” ಅವಳು ಅಧ್ಯಕ್ಷರ ಮುಖ ನೋಡಿಯೇ ಹೇಳಿದಳು. “ಆ ಗಳಿಗೇಲಿ ನಾನು ಅವರ ಕೋಚ್ ಮುಖ ನೋಡ್ತಿದ್ದೆ.”

ಚೂಟಿಯ ಕಣ್ಣು ಅಗಲವಾಯಿತು. ಮ್ಯಾನೇಜರ್ ಕುರ್ಚಿ ಸರಿಸಿಕೊಂಡು ಮೇಲೆದ್ದ.

“ಕೇಳಿದ್ರಲ್ಲ ಸರ್! ಅಂಪೈರ್ ಗಮನವೇ ಆಟದ ಮೇಲಿರಲಿಲ್ಲ. ಅವರ ಬಾಯಿಂದ್ಲೇ ಬಂತು. ಈ ಮ್ಯಾಚ್ ರದ್ದು ಮಾಡಿ, ಮತ್ತೆ ಆಡಿಸಿ!” ಆಮೇಲೆ ಕನ್ನಡಕದವನ ಭುಜ ಅಲುಗಿಸಿದ. “ಹೇಳ್ರೀ ಕೋಚ್! ಹುಡುಗೀರು ಆರು ತಿಂಗಳು ಬೆವರು ಸುರಿಸಿದಾರೆ. ಕಪ್ ಕೈಗೆ ಬಂದಿದೆ. ಒಂದು ಮಾತು ಹೇಳಿ ಸಾಕು!”

ಕನ್ನಡಕದವನು ಕೂತೇ ಇದ್ದ. ಒಮ್ಮೆ ಚೂಟಿಯತ್ತ ನೋಡಿದ. ಅವಳ ಮುಖದಲ್ಲಿ ಆಸೆ ಆಗಲೇ ಚಿಗುರಿತ್ತು. ಒಮ್ಮೆ ಅಂಪೈರಮ್ಮನತ್ತ ನೋಡಿದ. ಅವಳು ಮೇಜಿನ ಮೇಲಿದ್ದ ಒಂದು ಗೀಚನ್ನು ದಿಟ್ಟಿಸುತ್ತಿದ್ದಳು. ಅವಳಿಗೆ ಎಲ್ಲವೂ ಗೊತ್ತಾಗಿತ್ತು. ಈಗ ಅವನು ಹೌದೆಂದರೆ ತಂಡಕ್ಕೆ ಕಪ್ ಸಿಗಬಹುದು, ಅವಳಿಗೆ ಇನ್ನು ಯಾವ ಪ್ಯಾನೆಲ್ಲೂ ಇಲ್ಲ, ಮತ್ತು ಅವನ ಅಂಗಡಿಯ ಮೆಟ್ಟಿಲನ್ನು ಅವಳು ಮತ್ತೆ ಹತ್ತುವುದಿಲ್ಲ. ಅಕ್ಕನ ಕಾರಿನ ಕಿಟಕಿ ನೆನಪಾಯಿತು.

ಅವನು ಜೇಬಿಗೆ ಕೈಹಾಕಿ ಪುಸ್ತಕ ತೆಗೆದ. ಒಂದು ಪುಟಕ್ಕೆ ಕನ್ನಡಕ ಒರೆಸುವ ಹಳದಿ ಬಟ್ಟೆಯ ಚೂರು ಸಿಕ್ಕಿಸಿದ್ದ.

“ಸರ್, ನಾನು ಪ್ರೊಟೆಸ್ಟ್ ವಾಪಸ್ ತಗೋತೀನಿ” ಎಂದ. “ಬೆಳಿಗ್ಗೆ ಐದಕ್ಕೆ ಎದ್ದು ನಿಯಮ ಓದಿದೆ. ಅವರು ಹೇಳಿದ್ದು ಅಕ್ಷರಶಃ ಸರಿ. ನಾನು ಆಡ್ತಿದ್ದದ್ದು ಬೇಸ್‌ಬಾಲ್. ಅಲ್ಲಿ ಬ್ಯಾಟ್ ಮಾಡ್ದವನು ಫಸ್ಟ್ ಬೇಸ್‌ಗೆ ಮುಂಚೆ ಹಿಂದಕ್ಕೆ ಬರಬಹುದು. ಸಾಫ್ಟ್‌ಬಾಲ್‌ನಲ್ಲೂ ಹಾಗೇ ಅಂದ್ಕೊಂಡು ಈ ಮಕ್ಕಳಿಗೆ ಆರು ತಿಂಗಳು ಅದನ್ನೇ ಹೇಳ್ಕೊಟ್ಟೆ. ಆ ಎರಡು ಹೆಜ್ಜೆ ಚೂಟಿ ಇಟ್ಟಿದ್ದಲ್ಲ, ನಾನು ಇಡಿಸಿದ್ದು. ತಪ್ಪು ನನ್ನದು.”

“ರೀ ಕೋಚ್…” ಎಂದ ಮ್ಯಾನೇಜರ್.

“ಅವರು ತಡ ಮಾಡಿದ್ರಿಂದ ನಮಗೇನೂ ನಷ್ಟ ಆಗಿಲ್ಲ ಯಜಮಾನ್ರೇ. ಮೊದಲೇ ಕೈ ಎತ್ತಿದ್ರೂ ನಾವು ಔಟೇ. ಇಲ್ಲದ ನ್ಯಾಯ ಕೇಳೋಕೆ ನನ್ನ ಕೈಲಾಗಲ್ಲ.” ಆಮೇಲೆ ಚೂಟಿಯತ್ತ ತಿರುಗಿ, “ನಿನ್ನ ಕಪ್ ನಾನೇ ಕಳೆದುಬಿಟ್ಟೆ ಕಣಮ್ಮ. ಬೈಯೋದಿದ್ರೆ ಬೈದುಬಿಡು” ಎಂದ. ಚೂಟಿ ಮೂಗೊರೆಸಿಕೊಂಡಳು.

“ಇನ್ನೊಂದು ಮಾತು ಬರ್ಕೊಳ್ಳಿ ಮೇಡಂ” ಎಂದ ಅವನು ಕಾರ್ಯದರ್ಶಿಗೆ. “ನಿನ್ನೆ ಮೈದಾನದಲ್ಲಿ ನಾನು ಅಂಪೈರ್‌ಗೆ ಕಣ್ಣು ಕಾಣಲ್ವಾ ಅಂದೆ. ಅವರ ಕಣ್ಣು ಪರೀಕ್ಷೆ ಮಾಡಿದವನು ನಾನೇ. ಈ ಊರಲ್ಲಿ ಅಷ್ಟು ಸರಿಯಾಗಿ ನೋಡೋ ಕಣ್ಣು ಇನ್ನೊಂದಿಲ್ಲ.”

ತಪ್ಪು ನನ್ನದು ಎಂಬ ಎರಡು ಶಬ್ದಕ್ಕೆ ಅಕ್ಕ ಹನ್ನೊಂದು ವರ್ಷದಿಂದ ಕಾಯುತ್ತಿದ್ದಾಳೆ. ಇವನು ಮ್ಯಾನೇಜರ್ ಎದುರಿಗೆ, ತನ್ನ ಕೈಕೆಳಗೆ ಕಲಿತ ಹುಡುಗಿಯ ಎದುರಿಗೆ, ಬರೆದುಕೊಳ್ಳಿ ಎಂದು ಹೇಳಿ ಮುಗಿಸಿದ್ದ.

ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ತೀರ್ಪು ಊರ್ಜಿತ. ಕಪ್ ಡಿಪೋದವರಿಗೆ. ಅಮ್ಮಾ, ನಿನ್ನ ನಿಜಾಯಿತಿಗೆ ಸಂತೋಷ. ಆದರೆ ಮೇಲಿನ ಪ್ಯಾನೆಲ್‌ಗೆ ಹೆಸರು ಈ ವರ್ಷ ಕಳಿಸೋಕಾಗಲ್ಲ. ಬರುವ ವರ್ಷ ನೋಡೋಣ.”

“ಸರಿ ಸರ್” ಎಂದಳು. ನೋವಾಯಿತು. ನಾಲ್ಕು ವರ್ಷ ಐದಾಯಿತು.

“ಒಂದು ಪ್ರಶ್ನೆ ಉಳೀತು” ಎಂದರು ಅವರು, ಕೆಂಪು ಪೆನ್ನನ್ನು ಅವಳಿಂದ ಅವನಿಗೆ, ಅವನಿಂದ ಅವಳಿಗೆ ತಿರುಗಿಸುತ್ತ. “ಯಾವುದೇ ತಂಡದವರ ಜೊತೆ ಸಂಬಂಧ ಇದ್ರೆ ಅಂಪೈರ್ ಮೊದಲೇ ತಿಳಿಸಬೇಕು. ಇವರಿಗೂ ನಿನಗೂ ಏನು ಸಂಬಂಧ?”

ಹೊರಗೆ ಯಾರೋ ಮೈದಾನದಲ್ಲಿ ಸುಣ್ಣದ ಗೆರೆ ಅಳಿಸುತ್ತಿದ್ದರು. ಹತ್ತು ದಿನದಿಂದ ಗೋಡೆಯ ಮೇಲೆ ಇಟ್ಟಿದ್ದ ದೀಪವನ್ನು ಅವಳು ಕೆಳಗಿಳಿಸಿದಳು.

“ನಿನ್ನೆ ತನಕ ಇವರ ಒಂದು ಪ್ರಶ್ನೆ ಇತ್ತು ಸರ್, ನನ್ನ ಉತ್ತರ ಇರಲಿಲ್ಲ. ಇನ್ಮೇಲೆ ದಯವಿಟ್ಟು ಈ ತಂಡದ ಮ್ಯಾಚ್‌ಗೆ ನನ್ನನ್ನ ಹಾಕಬೇಡಿ.”

“ಯಾಕೆ?”

“ನಾನು ಇವರನ್ನ ಮದುವೆ ಆಗ್ತೀನಿ.”

ಚೂಟಿ “ಅಯ್ಯೋ!” ಎಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ಕನ್ನಡಕದವನ ಕೈಯಿಂದ ನಿಯಮದ ಪುಸ್ತಕ ಜಾರಿ ಕೆಳಗೆ ಬಿತ್ತು. ಕಾರ್ಯದರ್ಶಿ ಪೆನ್ನು ಎತ್ತಿ ಹಿಡಿದು, “ಇದನ್ನೂ ಬರೀಲಾ ಸರ್?” ಎಂದರು.

“ಬರೀರಿ” ಎಂದರು ಮೇಷ್ಟ್ರು. “ಇದಕ್ಕೆ ಪ್ರೊಟೆಸ್ಟ್ ಇಲ್ಲ ಅಂತಲೂ ಬರೀರಿ.”

*

ಮೆಟ್ಟಿಲಿಳಿಯುವಾಗ ಅವನು ಅವಳಿಗಿಂತ ಎರಡು ಮೆಟ್ಟಿಲು ಹಿಂದಿದ್ದ. ಮಾತಾಡಲು ಮೂರು ಸಲ ಕೆಮ್ಮಿದ.

“ನೀನು… ಅಲ್ಲ, ನೀವು…”

“ಮೊದಲನೇದೇ ಚೆನ್ನಾಗಿತ್ತು.”

“ನೀನು ಆ ಮಾತು ಕಮಿಟಿಗೆ ಹೇಳಿದ್ದು. ನನಗೆ ಯಾರೂ ಏನೂ ಹೇಳಿಲ್ಲ ಇನ್ನೂ.”

“ನಡಾವಳೀಲಿ ಇದೆ. ಹೋಗಿ ಓದ್ಕೊಳ್ಳಿ. ಹೇಗೂ ಈಗೀಗ ಓದೋ ಅಭ್ಯಾಸ ಆಗಿದೆಯಲ್ಲ.”

ಅವನ ಎಡಹುಬ್ಬು ಮೇಲೇರಿತು. ಅವಳಿಗೆ ನಗು ಬಂತು, ಆದರೆ ಅಷ್ಟು ಸುಲಭಕ್ಕೆ ಬಿಡುವ ಮನಸ್ಸಿರಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ನಿಂತು ತಿರುಗಿದಳು. ಅವನ ಎದುರಿಗೆ ಇಡೀ ಮೈದಾನ, ಮೂಲೆಯಲ್ಲಿ ಗುಂಪು ಕಟ್ಟಿಕೊಂಡು ಸುದ್ದಿಗೆ ಕಾಯುತ್ತಿದ್ದ ಅಂಗಡಿಯ ಹುಡುಗಿಯರು, ಅವರಾಚೆ ಡಿಪೋದವರು.

“ಬೈದದ್ದು ಇಲ್ಲಿ, ಎಲ್ಲರ ಎದುರಿಗೆ. ಕ್ಷಮೆ ಕೇಳಿದ್ದು ಮೇಲೆ, ಬಾಗಿಲು ಹಾಕ್ಕೊಂಡು. ನಿನ್ನೆ ಎಷ್ಟು ಜೋರಾಗಿ ಕೂಗಿದ್ರೋ ಅಷ್ಟೇ ಜೋರಾಗಿ ಈಗಲೂ ಕೂಗಿ.”

“ಈಗ್ಲಾ? ಇಲ್ಲಾ?”

ಅವಳು ಕೈಕಟ್ಟಿಕೊಂಡು ಕಾದಳು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬೆನ್ನ ಹಿಂದೆ ಮೆಟ್ಟಿಲುಗಳಿದ್ದವು, ಓಡಿಹೋಗಬಹುದಿತ್ತು. ಅವನು ಆ ಎರಡು ಮೆಟ್ಟಿಲು ಕೆಳಗಿಳಿದು ಅವಳ ಪಕ್ಕ ಬಂದು ನಿಂತ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದ.

“ನಮ್ಮ ಅಂಪೈರಮ್ಮನಿಗೆ ಕಣ್ಣು ಚೆನ್ನಾಗಿ ಕಾಣುತ್ತೇ! ತಪ್ಪು ನಂದೇ!”

ಮೈದಾನವೆಲ್ಲ ತಿರುಗಿ ನೋಡಿತು. ಡಿಪೋದ ಕಂಡಕ್ಟರಮ್ಮ ಬಾಯಿಗೆ ಬೆರಳಿಟ್ಟು ಜೋರಾಗಿ ಸೀಟಿ ಹೊಡೆದಳು. ಅವನ ಮುಖ ಕೆಂಪಾಗಿತ್ತು, ಕುತ್ತಿಗೆಯ ನರ ಇನ್ನೂ ಉಬ್ಬಿತ್ತು.

“ಈಗಲಾದ್ರೂ ನನಗೆ ಹೇಳ್ತೀಯಾ?” ಎಂದ, ಏದುಸಿರು ಬಿಡುತ್ತ.

ಅವಳ ಕನ್ನಡಕ ಮಂಜಾಗಿತ್ತು. ತೆಗೆದು ಅವನ ಕೈಗೆ ಕೊಟ್ಟಳು. ಅದಿಲ್ಲದೆ ಅವನ ಮುಖ ಕಲಸಿಹೋಗಿ ಕಾಣುತ್ತಿತ್ತು. ಆದರೂ ಆ ಹುಬ್ಬು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು.

“ಹೂಂ” ಎಂದಳು.